ಎಲುಬಿನಲ್ಲಿ ಸೇತುವೆಯನ್ನು ಕಂಡ ವಿದ್ವಾಂಸ

ಕಲಿಸುವ ಅನುಕೂಲಕ್ಕಾಗಿ ನಾವು ವಿದ್ಯೆಯನ್ನು ಹಲವು ಶಾಖೆಗಳಾಗಿ ವಿಂಗಡಿಸಿಕೊಂಡಿದ್ದೇವೆ. ಕಾಲೇಜಿನ ಒಂದು ಕೊಠಡಿಯಲ್ಲಿ ಕಪ್ಪೆಯ ಮೈಯನ್ನು ಬಿಡಿಸಿ ನೋಡುವ ವಿದ್ಯಾರ್ಥಿಗೆ, ಎದುರು ಕಟ್ಟಡದಲ್ಲಿ ತೊಲೆಯ ಬಾಗುವಿಕೆಯನ್ನು ಲೆಕ್ಕ ಹಾಕುತ್ತಿರುವ ವಿದ್ಯಾರ್ಥಿಯ ಗೊಡವೆ ಇರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಒಬ್ಬರನ್ನೊಬ್ಬರು ಅರಿಯದೆಯೇ ಹೊರಬೀಳುತ್ತಾರೆ. ಹೊಲಕ್ಕೆ ಬೇಲಿ ಬೇಕು, ನಿಜ. ಆದರೆ ನೆಲದ ಒಳಗೆ ಹರಿಯುವ ನೀರಿಗೆ ಬೇಲಿಯ ಪರಿವೆಯಿಲ್ಲ. ಕಬ್ಬಿಣದ ಸೇತುವೆಯನ್ನು ಕೆಳಕ್ಕೆ ಜಗ್ಗುವ ಭಾರವೇ ಕುದುರೆಯ ಬೆನ್ನನ್ನೂ ಜಗ್ಗುತ್ತದೆ. ಹಡಗನ್ನು ತಡೆಯುವ ನೀರೇ ಮೀನನ್ನೂ ತಡೆಯುತ್ತದೆ. ಈ ಸಾಮಾನ್ಯವಾದ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ಒಂದು ದೀರ್ಘವಾದ ಬಾಳನ್ನೇ ಅದಕ್ಕಾಗಿ ವೆಚ್ಚ ಮಾಡಿದವನು ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಡಾರ್ಸಿ ವೆಂಟ್‌ವರ್ತ್ ಥಾಮ್ಸನ್. ಜೀವಶಾಸ್ತ್ರಜ್ಞರೂ ಎಂಜಿನಿಯರುಗಳೂ ಒಂದೇ ಮೇಜಿನ ಸುತ್ತ ಕುಳಿತು, ಪ್ರಕೃತಿಯ ರಚನೆಗಳಿಂದ ಹೊಸ ರಚನೆಗಳನ್ನು ಕಲ್ಪಿಸುವ ಪ್ರಯತ್ನ ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತಿದೆ. ಆ ಮೇಜನ್ನು ಮೊದಲು ಹಾಕಿದವರಲ್ಲಿ ಡಾರ್ಸಿಯ ಹೆಸರು ಮುಖ್ಯವಾದುದು.

ಡಾರ್ಸಿ ಹುಟ್ಟಿದ್ದು ೧೮೬೦ನೆಯ ಇಸವಿ ಮೇ ೨ರಂದು, ಎಡಿನ್‌ಬರೋ ನಗರದಲ್ಲಿ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಫ್ಯಾನಿ ತೀರಿಕೊಂಡಳು. ತಂದೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಅಧ್ಯಾಪಕ. ತಂದೆಗೂ ಮಗನಿಗೂ ಒಂದೇ ಹೆಸರು. ಮಗ ಇನ್ನೂ ಎಳೆಯವನಿರುವಾಗಲೇ ತಂದೆ ಐರ್ಲೆಂಡಿನ ಗಾಲ್ವೇ ಕಾಲೇಜಿಗೆ ಗ್ರೀಕ್ ಪ್ರಾಧ್ಯಾಪಕನಾಗಿ ಹೋಗಬೇಕಾಯಿತು. ಹುಡುಗ ಬೆಳೆದದ್ದು ತಾಯಿಯ ತವರುಮನೆಯಲ್ಲಿ, ಅಜ್ಜನ ಆಸರೆಯಲ್ಲಿ. ಅಜ್ಜ ಜೋಸೆಫ್ ಗ್ಯಾಮ್ಜಿ ಪಶುವೈದ್ಯ. ದನ ಕುದುರೆಗಳ ಮೈಕಟ್ಟನ್ನು ಕೈಯಿಂದ ಸವರಿಯೇ ಅರಿತವನು. ಹೀಗೆ ಹುಡುಗನಿಗೆ ಎರಡು ಕಡೆಯ ಆಸ್ತಿ ಒದಗಿತು. ತಂದೆಯಿಂದ ಪ್ರಾಚೀನ ಭಾಷೆಗಳ ಒಲವು ಬಂದಿತು. ಅಜ್ಜನಿಂದ ಜೀವವಿರುವ ಮೈಯ ಪರಿಚಯ ದೊರೆಯಿತು. ಈ ಎರಡರಲ್ಲಿ ಒಂದನ್ನೂ ಅವನು ಕೊನೆಯವರೆಗೆ ಬಿಟ್ಟುಕೊಡಲಿಲ್ಲ.

ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಹಿಡಿದ ಡಾರ್ಸಿ ಎರಡು ವರ್ಷಗಳ ತರುವಾಯ, ೧೮೮೦ರಲ್ಲಿ, ಅದನ್ನು ಬಿಟ್ಟು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಪ್ರಕೃತಿವಿಜ್ಞಾನಗಳನ್ನು ಕಲಿಯಲು ಹೋದನು. ಮುಂದೆ ಗಣಿತಜ್ಞನೂ ದಾರ್ಶನಿಕನೂ ಆಗಿ ಪ್ರಸಿದ್ಧನಾದ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಅಲ್ಲಿ ಅವನ ಸಮಕಾಲೀನ. ವಿದ್ಯಾರ್ಥಿದೆಸೆಯಲ್ಲಿಯೇ ಡಾರ್ಸಿ ಹರ್ಮನ್ ಮುಲ್ಲರನು ಹೂಗಳ ಪರಾಗಸ್ಪರ್ಶದ ಬಗೆಗೆ ಬರೆದಿದ್ದ ಜರ್ಮನ್ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿದನು. ೧೮೮೩ರಲ್ಲಿ ಹೊರಬಂದ ಆ ಅನುವಾದಕ್ಕೆ ಮುನ್ನುಡಿ ಬರೆದವನು ಚಾರ್ಲ್ಸ್ ಡಾರ್ವಿನ್. ಪುಸ್ತಕ ಅಚ್ಚಾಗಿ ಬರುವ ವೇಳೆಗೆ ಡಾರ್ವಿನ್ ಬದುಕಿರಲಿಲ್ಲ. ಇಂಥ ಹಿರಿಯನ ಆಶೀರ್ವಾದದೊಂದಿಗೆ ಬರೆಹವನ್ನು ಪ್ರಾರಂಭಿಸಿದವನೇ ಮುಂದೆ ಡಾರ್ವಿನ್ನನ ಅನುಯಾಯಿಗಳಿಗೆ ಇರುಸುಮುರುಸಾಗುವಂಥ ಪ್ರಶ್ನೆಗಳನ್ನು ಕೇಳಬೇಕಾಯಿತು.

೧೮೮೪ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಡಾರ್ಸಿ ಡಂಡೀ ನಗರದ ಯೂನಿವರ್ಸಿಟಿ ಕಾಲೇಜಿಗೆ ಜೀವಶಾಸ್ತ್ರದ ಪ್ರಾಧ್ಯಾಪಕನಾಗಿ ಆಯ್ಕೆಯಾದನು. ಕಾಲೇಜು ಸ್ಥಾಪನೆಯಾಗಿ ಆಗ ಮೂರೇ ವರ್ಷಗಳಾಗಿದ್ದವು. ಡಂಡೀ ದುಡಿಮೆಗಾರರ ಊರು. ನಮ್ಮ ಬಂಗಾಳದಿಂದ ಹಡಗೇರಿ ಹೋದ ಸೆಣಬು ಅಲ್ಲಿನ ಗಿರಣಿಗಳಲ್ಲಿ ನೂಲಾಗಿ ಗೋಣಿತಟ್ಟಾಗುತ್ತಿತ್ತು. ಅದನ್ನು ಹದಗೊಳಿಸಲು ತಿಮಿಂಗಿಲದ ಎಣ್ಣೆ ಬೇಕಾಗುತ್ತಿತ್ತು. ಆ ಎಣ್ಣೆಗಾಗಿ ಊರಿನ ಹಡಗುಗಳು ಉತ್ತರ ಧ್ರುವದ ಕಡಲಿಗೆ ಹೋಗಿ ಬರುತ್ತಿದ್ದವು. ತರುಣ ಪ್ರಾಧ್ಯಾಪಕ ಆ ನಾವಿಕರ ಸ್ನೇಹ ಸಂಪಾದಿಸಿ, ಹಿಮಸಮುದ್ರದ ಪ್ರಾಣಿಗಳ ಎಲುಬುಗಳನ್ನೂ ಒಡಲುಗಳನ್ನೂ ತರಿಸಿಕೊಂಡು, ಒಂದು ದೊಡ್ಡ ಪ್ರಾಣಿಸಂಗ್ರಹಾಲಯವನ್ನು ಕಟ್ಟಿದನು. ಪುಸ್ತಕದ ಚಿತ್ರಕ್ಕಿಂತ ಕೈಗೆ ಸಿಕ್ಕುವ ಎಲುಬಿನಲ್ಲಿ ಅವನಿಗೆ ಹೆಚ್ಚು ನಂಬಿಕೆ.

ಆದರೆ ಡಂಡೀ ನಗರದ ಮನಸ್ಸಿನಲ್ಲಿ ಆಗ ಇನ್ನೊಂದು ವಿಷಯ ಹಸಿಯಾಗಿತ್ತು. ಊರಿನ ಮುಂದೆ ಟೇ ನದಿಯ ಅಗಲವಾದ ಅಳಿವೆ. ೧೮೭೮ರಲ್ಲಿ ಅದರ ಮೇಲೆ ರೈಲು ಸೇತುವೆಯೊಂದು ಸಂಚಾರಕ್ಕೆ ತೆರೆದಿತ್ತು. ಮರುವರ್ಷ ಡಿಸೆಂಬರ್ ೨೮ರ ರಾತ್ರಿ, ಬಿರುಗಾಳಿಯಲ್ಲಿ, ರೈಲು ಸೇತುವೆಯ ಮೇಲಿರುವಾಗಲೇ ನಡುವಿನ ಎತ್ತರವಾದ ಕಮಾನುಗಳೆಲ್ಲ ಕುಸಿದು ನೀರಿಗೆ ಬಿದ್ದವು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆ ನಡೆದಾಗ, ಗಾಳಿಯ ಒತ್ತಡಕ್ಕೆ ತಕ್ಕ ಲೆಕ್ಕವನ್ನೇ ಹಿಡಿದಿರಲಿಲ್ಲವೆಂಬುದು ಹೊರಬಿದ್ದಿತು. ಸೇತುವೆಯನ್ನು ರೂಪಿಸಿದ ಥಾಮಸ್ ಬೌಚ್ ಮರುವರ್ಷವೇ ಸತ್ತುಹೋದನು. ಡಾರ್ಸಿ ಆ ಊರಿಗೆ ಬಂದಾಗ, ಮುರಿದ ಸೇತುವೆಯ ಪಕ್ಕದಲ್ಲಿ ಹೊಸ ಸೇತುವೆಯ ಕೆಲಸ ನಡೆದಿತ್ತು. ಅದು ೧೮೮೭ರಲ್ಲಿ ತೆರೆಯಿತು. ಹಳೆಯ ಕಂಬಗಳ ಬುಡಗಳು ಇಂದಿಗೂ ನೀರಿನಲ್ಲಿ ಸಾಲಾಗಿ ನಿಂತಿವೆ. ಒಂದು ರಚನೆ ಏಕೆ ನಿಲ್ಲುತ್ತದೆ, ಏಕೆ ಬೀಳುತ್ತದೆ ಎಂಬ ಪ್ರಶ್ನೆ ಅಲ್ಲಿನ ಜನಕ್ಕೆ ಪಾಠಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅದು ಮನೆಮನೆಯ ದುಃಖವಾಗಿತ್ತು.

ಇದೇ ಕಾಲದಲ್ಲಿ ದಕ್ಷಿಣಕ್ಕೆ, ಫೋರ್ತ್ ಅಳಿವೆಯ ಮೇಲೆ, ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಎಂಬ ಎಂಜಿನಿಯರುಗಳು ಹಿಂದೆಂದೂ ಕಂಡರಿಯದ ಉಕ್ಕಿನ ಸೇತುವೆಯನ್ನು ಎತ್ತುತ್ತಿದ್ದರು. ೧೮೯೦ರಲ್ಲಿ ಪೂರ್ಣಗೊಂಡ ಆ ಸೇತುವೆಯ ದೊಡ್ಡ ಅಂತರಗಳು ಒಂದೊಂದೂ ೧,೭೧೦ ಅಡಿ. ಇಂಥ ಸೇತುವೆಯನ್ನು ಕ್ಯಾಂಟಿಲಿವರ್ ಸೇತುವೆಯೆಂದು ಕರೆಯುತ್ತಾರೆ: ಗಟ್ಟಿಯಾದ ಬುಡದಿಂದ ಎರಡು ಕಡೆಗೂ ತೋಳುಗಳನ್ನು ಚಾಚಿ, ಚಾಚಿದ ತುದಿಗಳ ನಡುವೆ ಒಂದು ತೊಲೆಯನ್ನು ಇಡುವುದು ಇದರ ಕ್ರಮ. ಇದನ್ನು ಜನಸಾಮಾನ್ಯರಿಗೆ ತಿಳಿಸಲು ಬೇಕರ್ ಒಂದು ಉಪಾಯ ಹೂಡಿದನು. ಇಬ್ಬರನ್ನು ಕುರ್ಚಿಗಳ ಮೇಲೆ ದೂರದೂರ ಕುಳ್ಳಿರಿಸಿ, ಅವರ ತೋಳುಗಳನ್ನು ಚಾಚಿಸಿ, ಕುರ್ಚಿಯಿಂದ ಕೈಗೆ ಓರೆಯಾಗಿ ಕೋಲುಗಳ ಆಸರೆ ಕೊಡಿಸಿ, ಚಾಚಿದ ಕೈಗಳ ನಡುವೆ ತೂಗಿದ ಹಲಗೆಯ ಮೇಲೆ ಮೂರನೆಯವನನ್ನು ಕೂರಿಸಿದನು. ಆ ಮೂರನೆಯವನು ಜಪಾನಿನಿಂದ ಬಂದಿದ್ದ ಕೈಚಿ ವಟನಬೆ ಎಂಬ ತರುಣ ಎಂಜಿನಿಯರು. ತೋಳುಗಳು ಸೆಳೆತವನ್ನು ತಾಳುತ್ತಿದ್ದವು. ಕೋಲುಗಳು ಒತ್ತಡವನ್ನು ಹೊರುತ್ತಿದ್ದವು. ಎಂಜಿನಿಯರು ಮನುಷ್ಯನ ಮೈಯನ್ನು ತೋರಿಸಿ ಸೇತುವೆಯನ್ನು ಅರ್ಥಮಾಡಿಸಿದನು. ಸೇತುವೆಯನ್ನು ತೋರಿಸಿ ಮೈಯನ್ನು ಅರ್ಥಮಾಡಿಸುವ ಕೆಲಸ ಡಾರ್ಸಿಗೆ ಮೀಸಲಾಗಿತ್ತು.

ಆ ಕೆಲಸಕ್ಕೆ ಬೇಕಾದ ವಿದ್ಯೆ ಅವನ ಪಾಠಕ್ರಮದಲ್ಲಿ ಇರಲಿಲ್ಲ. ಅದು ಹತ್ತಿರದಲ್ಲಿಯೇ ಇತ್ತು. ಅವನ ಕಾಲೇಜಿನಲ್ಲಿಯೇ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಕ್ಲಾಕ್ಸ್‌ಟನ್ ಫಿಡ್ಲರ್ ಸೇತುವೆಗಳ ನಿರ್ಮಾಣವನ್ನು ಕುರಿತು ಹೆಸರಾದ ಗ್ರಂಥವೊಂದನ್ನು ಬರೆದಿದ್ದನು. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಆ ಗ್ರಂಥದ ಲೆಕ್ಕಗಳನ್ನೂ ರೇಖಾಚಿತ್ರಗಳನ್ನೂ ಅಭ್ಯಾಸ ಮಾಡಿ, ಮುಂದೆ ತನ್ನ ಪುಸ್ತಕದಲ್ಲಿ ಅವುಗಳನ್ನು ಆಧಾರವಾಗಿ ಬಳಸಿಕೊಂಡನು. ಒಂದು ಶಾಸ್ತ್ರದಲ್ಲಿ ಗುರುವಾದವನು ಇನ್ನೊಂದರಲ್ಲಿ ಶಿಷ್ಯನಾಗಿ ಕೂರುವುದು ಸುಲಭವಲ್ಲ. ಅಧ್ಯಾಪಕರಾದ ನಮಗೆ ಅದರ ಕಷ್ಟ ಚೆನ್ನಾಗಿ ತಿಳಿದಿದೆ.

ಹೀಗೆ ಎರಡು ವಿದ್ಯೆಗಳು ಕೂಡಿದ ಹಿಂದಿನ ಪ್ರಸಂಗವೊಂದು ಡಾರ್ಸಿಗೆ ಬಹಳ ಪ್ರಿಯವಾಗಿತ್ತು. ತನ್ನ ಗ್ರಂಥದಲ್ಲಿ ಅದನ್ನು ಅವನು ವಿಸ್ತಾರವಾಗಿ ಹೇಳಿದ್ದಾನೆ. ೧೮೬೬ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾಶಾಸ್ತ್ರಜ್ಞನು ಮನುಷ್ಯನ ತೊಡೆಯೆಲುಬನ್ನು ಉದ್ದಕ್ಕೆ ಸೀಳಿ ಪರೀಕ್ಷಿಸುತ್ತಿದ್ದನು. ತೊಡೆಯೆಲುಬಿನ ಮೇಲ್ತುದಿ ಗಟ್ಟಿಯಾದ ಗುಂಡಲ್ಲ; ಅದರ ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ಎಲುಬಿನ ಎಳೆಗಳ ಜಾಲವಿದೆ. ಆ ಎಳೆಗಳು ಅಡ್ಡಾದಿಡ್ಡಿಯಾಗಿಲ್ಲ, ಯಾವುದೋ ಕ್ರಮವನ್ನು ಹಿಡಿದು ಬಾಗಿ ಸಾಗಿವೆಯೆಂಬುದನ್ನು ಮೇಯರ್ ಕಂಡಿದ್ದನು. ಆ ಕ್ರಮ ಏನೆಂಬುದು ಅವನಿಗೆ ತಿಳಿಯಲಿಲ್ಲ. ಅದೇ ಊರಿನ ಪಾಲಿಟೆಕ್ನಿಕ್ಕಿನ ಪ್ರಾಧ್ಯಾಪಕ ಕಾರ್ಲ್ ಕುಲ್ಮನ್, ಕಟ್ಟಡಗಳ ಮೇಲಿನ ಬಲಗಳನ್ನು ಗೆರೆಗಳಿಂದಲೇ ಲೆಕ್ಕ ಹಾಕುವ ವಿಧಾನವನ್ನು ಬೆಳೆಸಿದವನು. ಆಗ ಅವನು ಭಾರ ಎತ್ತುವ ಹೊಸ ಕ್ರೇನೊಂದರ ರಚನೆಯಲ್ಲಿ ತೊಡಗಿದ್ದನು. ಒಂದು ದಿನ ಮೇಯರನ ಕೊಠಡಿಗೆ ಬಂದ ಕುಲ್ಮನ್ ಆ ಸೀಳಿದ ಎಲುಬನ್ನು ಕಂಡೊಡನೆ, ತನ್ನ ಕ್ರೇನೇ ಅಲ್ಲಿದೆಯಲ್ಲಾ ಎಂದು ಬೆರಗಾದನಂತೆ.

ಅವನು ಕಂಡದ್ದಾದರೂ ಏನು? ತೊಡೆಯೆಲುಬಿನ ತಲೆ ನೇರವಾಗಿ ಕಂಬದ ಮೇಲೆ ಕುಳಿತಿಲ್ಲ. ಕೊಕ್ಕರೆಯ ಕುತ್ತಿಗೆಯಂತೆ ಒಂದು ಪಕ್ಕಕ್ಕೆ ಚಾಚಿದೆ. ಮೈಯ ಭಾರ ಬೀಳುವುದು ಆ ಚಾಚಿದ ತುದಿಯ ಮೇಲೆ. ಹೀಗೆ ಒಂದು ಪಕ್ಕಕ್ಕೆ ಭಾರ ಬಿದ್ದಾಗ ಕಂಬದ ಒಳಮಗ್ಗುಲು ಅದುಮಿಕೊಳ್ಳುತ್ತದೆ, ಹೊರಮಗ್ಗುಲು ಹಿಗ್ಗಲು ಎಳೆದಾಡುತ್ತದೆ. ಹಸಿಯ ಬೆತ್ತವನ್ನು ಬಾಗಿಸಿ ನೋಡಿದವರಿಗೆಲ್ಲ ಇದು ಗೊತ್ತು: ಬಾಗಿದ ಒಳಮಗ್ಗುಲಲ್ಲಿ ಸಿಪ್ಪೆ ಸುಕ್ಕುಗಟ್ಟುತ್ತದೆ, ಹೊರಮಗ್ಗುಲಲ್ಲಿ ಬಿರಿಯುತ್ತದೆ. ಕ್ರೇನಿನ ಬಾಗಿದ ಕತ್ತಿನಲ್ಲಿ ಒತ್ತಡದ ಗೆರೆಗಳು ಒಂದು ಕಡೆಯಿಂದಲೂ ಸೆಳೆತದ ಗೆರೆಗಳು ಇನ್ನೊಂದು ಕಡೆಯಿಂದಲೂ ಕಮಾನಾಗಿ ಹರಿದು, ಒಂದನ್ನೊಂದು ಲಂಬಕೋನದಲ್ಲಿ ದಾಟುವುದನ್ನು ಕುಲ್ಮನ್ ಕಾಗದದ ಮೇಲೆ ಬರೆದು ತೋರಿಸಬಲ್ಲವನಾಗಿದ್ದನು. ಎಲುಬಿನ ಎಳೆಗಳೂ ಅದೇ ರೀತಿಯಲ್ಲಿ ಹರಿದು, ಅದೇ ರೀತಿಯಲ್ಲಿ ದಾಟುತ್ತಿದ್ದವು. ಅಂಗರಚನೆಯನ್ನು ಬಲ್ಲವನಿಗೆ ಗೆರೆಗಳ ಅರ್ಥ ತಿಳಿದಿರಲಿಲ್ಲ. ಅರ್ಥವನ್ನು ಬಲ್ಲವನು ಎಲುಬಿನ ಒಳಗನ್ನು ನೋಡಿರಲಿಲ್ಲ. ಇಬ್ಬರೂ ಒಂದೇ ವಸ್ತುವಿನ ಮುಂದೆ ನಿಂತ ಗಳಿಗೆಯಲ್ಲಿ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಎಂದೂ ದೊರೆಯದಿದ್ದುದು ಇಬ್ಬರಿಗೂ ದೊರೆಯಿತು.

ಈ ಪ್ರಸಂಗಕ್ಕೆ ಜನರ ಬಾಯಲ್ಲಿ ರೆಕ್ಕೆಪುಕ್ಕಗಳು ಬೆಳೆದಿವೆ. ಪ್ಯಾರಿಸಿನ ಐಫೆಲ್ ಗೋಪುರ ತೊಡೆಯೆಲುಬಿನ ನಕಲೆಂದು ಹೇಳುವವರಿದ್ದಾರೆ. ಗೋಪುರದ ಮೂಲ ನಕ್ಷೆಯನ್ನು ಹಾಕಿದವರಲ್ಲಿ ಒಬ್ಬನಾದ ಮೊರೀಸ್ ಕೆಕ್ಲಿನ್ ಜ್ಯೂರಿಕ್ಕಿನಲ್ಲಿ ಕುಲ್ಮನ್ನನ ಶಿಷ್ಯನಾಗಿದ್ದುದು ನಿಜ. ಗುರುವಿನ ರೇಖಾಗಣಿತವನ್ನು ಅವನು ಕಲಿತಿದ್ದುದೂ ನಿಜ. ಅದರಿಂದ ಮುಂದಕ್ಕೆ ಹೋಗಿ, ಎಲುಬನ್ನು ಕಂಡು ಗೋಪುರ ಕಟ್ಟಿದರೆಂದು ಹೇಳುವುದಕ್ಕೆ ಆಧಾರ ಸಾಲದು. ಎಂಜಿನಿಯರು ಪ್ರಕೃತಿಯ ಆಕಾರವನ್ನು ಕದ್ದು ತರುವುದರಿಂದ ದೊಡ್ಡ ಕೆಲಸವೇನೂ ಆಗುವುದಿಲ್ಲ. ಆ ಆಕಾರದ ಹಿಂದಿರುವ ಕಾರಣವನ್ನು ಇಬ್ಬರೂ ಕೂಡಿ ಅರಿಯುವುದರಲ್ಲಿ ಕೆಲಸವಿದೆ. ಡಾರ್ಸಿ ಹಿಡಿದ ದಾರಿಯೂ ಇದೇ.

ಅವನು ಜ್ಯೂರಿಕ್ಕಿನ ಪಾಠವನ್ನು ಒಂದು ಎಲುಬಿನಿಂದ ಇಡೀ ಅಸ್ಥಿಪಂಜರಕ್ಕೆ ವಿಸ್ತರಿಸಿದನು. ನಾಲ್ಕು ಕಾಲಿನ ಪ್ರಾಣಿಯನ್ನು ನೋಡಿ: ಮುಂಗಾಲುಗಳು ಒಂದು ಕಂಬ, ಹಿಂಗಾಲುಗಳು ಇನ್ನೊಂದು. ಬೆನ್ನೆಲುಬು ಅವುಗಳ ನಡುವೆ ಹಾಯ್ದು, ಮುಂದಕ್ಕೆ ಕತ್ತಾಗಿಯೂ ಹಿಂದಕ್ಕೆ ಬಾಲವಾಗಿಯೂ ಚಾಚಿದೆ. ಕೆಳಗಿನ ಕಶೇರುಮಣಿಗಳು ಒತ್ತಡವನ್ನು ಹೊರುತ್ತವೆ. ಅವುಗಳ ಮೇಲೆದ್ದ ಮುಳ್ಳುಗಳನ್ನು ಬಿಗಿದು ಹಿಡಿದಿರುವ ನಾರುಗಳು ಸೆಳೆತವನ್ನು ತಾಳುತ್ತವೆ. ಫೋರ್ತ್ ಸೇತುವೆಯಲ್ಲಿ ಒತ್ತಡವನ್ನು ಹೊರುವ ಕೆಳಗಿನ ದಪ್ಪ ಕೊಳವೆಗಳಿಗೂ ಸೆಳೆತವನ್ನು ತಾಳುವ ಮೇಲಿನ ಹಗುರವಾದ ಕಟ್ಟುಗಳಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಕಾಡೆಮ್ಮೆಯಂಥ ಪ್ರಾಣಿಯ ಹೆಗಲಿನ ಮೇಲೆ ಮುಳ್ಳುಗಳು ಎತ್ತರವಾಗಿ ಬೆಳೆದಿರುವುದು, ಮುಂದಕ್ಕೆ ಚಾಚಿದ ಭಾರವಾದ ತಲೆಯನ್ನು ಎತ್ತಿ ಹಿಡಿಯುವುದಕ್ಕಾಗಿ. ಭಾರ ಹೆಚ್ಚಿದ ಕಡೆಯಲ್ಲಿ ಎಂಜಿನಿಯರು ತೊಲೆಯ ಆಳವನ್ನು ಹೆಚ್ಚಿಸುವಂತೆ. ರಣಹದ್ದಿನ ರೆಕ್ಕೆಯ ಒಂದು ಎಲುಬನ್ನು ಸೀಳಿದರೆ, ಎರಡು ತೆಳುವಾದ ಗೋಡೆಗಳ ನಡುವೆ ಓರೆಯಾದ ಆಸರೆಗಳನ್ನು ಅಂಕುಡೊಂಕಾಗಿ ಹೆಣೆದಿರುವುದು ಕಾಣುತ್ತದೆ. ವಾರೆನ್ ತೊಲೆಯೆಂದು ಎಂಜಿನಿಯರುಗಳು ಕರೆಯುವ ರಚನೆಯೂ ಇಂಥದೇ. ಹಕ್ಕಿಗೆ ಹಗುರವಾಗಿಯೂ ಇರಬೇಕು, ಮುರಿಯಲೂ ಬಾರದು. ಸೇತುವೆಯ ಚಿಂತೆಯೂ ಇದೇ ಅಲ್ಲವೆ?

ಗಾತ್ರದ ಪ್ರಶ್ನೆಯನ್ನೂ ಅವನು ಹೀಗೆಯೇ ಎತ್ತಿಕೊಂಡನು. ಗೆಲಿಲಿಯೊ ೧೬೩೮ರಷ್ಟು ಹಿಂದೆಯೇ ತೋರಿಸಿಕೊಟ್ಟ ನಿಯಮ ಇದು: ಒಂದು ವಸ್ತುವಿನ ಉದ್ದ ಅಗಲ ಎತ್ತರಗಳನ್ನೆಲ್ಲ ೨ ಪಟ್ಟು ಮಾಡಿದರೆ ಅದರ ತೂಕ ೮ ಪಟ್ಟಾಗುತ್ತದೆ, ಆದರೆ ಆ ತೂಕವನ್ನು ಹೊರುವ ಎಲುಬಿನ ಅಡ್ಡಕೊಯ್ತದ ವಿಸ್ತಾರ ಹೆಚ್ಚುವುದು ೪ ಪಟ್ಟು ಮಾತ್ರ. ಆದುದರಿಂದ ಇಲಿಯ ಕಾಲನ್ನು ಹಾಗೆಯೇ ಹಿಗ್ಗಿಸಿ ಆನೆಗೆ ಜೋಡಿಸಲು ಬಾರದು. ಸಣ್ಣ ಮಾದರಿಯಲ್ಲಿ ಗಟ್ಟಿಯಾಗಿ ನಿಂತ ಸೇತುವೆ ದೊಡ್ಡದಾಗಿ ಕಟ್ಟಿದಾಗ ತನ್ನ ಭಾರಕ್ಕೆ ತಾನೇ ಕುಸಿಯಬಹುದು. ಹಡಗಿನ ಮಾದರಿಗಳನ್ನು ತೇಲಿಸಿ ವೇಗದ ನಿಯಮವನ್ನು ಕಂಡುಹಿಡಿದ ವಿಲಿಯಂ ಫ್ರೌಡ್ ಎಂಬ ಎಂಜಿನಿಯರನ ಸೂತ್ರವನ್ನು ಡಾರ್ಸಿ ಮೀನಿನ ಈಜಿಗೂ ಅನ್ವಯಿಸಿ ವಿಚಾರ ಮಾಡಿದನು.

ಈ ಆಲೋಚನೆಗಳೆಲ್ಲ ಗ್ರಂಥವಾಗಿ ಮೈತಾಳಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಡುವೆ ಪಾಠ, ಪರೀಕ್ಷೆ, ಸರ್ಕಾರದ ಕೆಲಸಗಳು. ೧೮೯೬ ಮತ್ತು ೧೮೯೭ರಲ್ಲಿ ಬ್ರಿಟಿಷ್ ಸರ್ಕಾರದ ಪರವಾಗಿ ಅವನು ದೂರದ ಬೇರಿಂಗ್ ಸಮುದ್ರಕ್ಕೆ ಹೋಗಿ, ತುಪ್ಪುಳಿಗಾಗಿ ಕೊಲ್ಲಲ್ಪಡುತ್ತಿದ್ದ ಸೀಲ್ ಪ್ರಾಣಿಗಳ ಸ್ಥಿತಿಯನ್ನು ವಿಚಾರಣೆ ಮಾಡಿ ಬಂದನು. ಸ್ಕಾಟ್ಲೆಂಡಿನ ಮೀನುಗಾರಿಕೆಯ ಮಂಡಲಿಯಲ್ಲಿಯೂ ಬಹುಕಾಲ ದುಡಿದನು. ೧೯೦೧ರಲ್ಲಿ ಮದುವೆಯಾಗಿ ಮೂವರು ಹೆಣ್ಣುಮಕ್ಕಳ ತಂದೆಯಾದನು. ದೊಡ್ಡ ವಿಶ್ವವಿದ್ಯಾನಿಲಯಗಳ ಪೀಠಗಳಿಗೆ ಅರ್ಜಿ ಹಾಕಿದ್ದುಂಟು. ಅವು ಬೇರೆಯವರ ಪಾಲಾದವು. ಆ ದಿನಗಳಲ್ಲಿ ಪ್ರಾಣಿಶಾಸ್ತ್ರವೆಂದರೆ ಬಹುಮಟ್ಟಿಗೆ ಪ್ರಾಣಿಗಳ ವಂಶವೃಕ್ಷವನ್ನು ಬಿಡಿಸುವ ಕೆಲಸ. ಪ್ರಾಣಿಯ ಒಂದು ಅಂಗ ಹೀಗೇಕಿದೆಯೆಂದು ಕೇಳಿದರೆ, ಅದರ ಪೂರ್ವಿಕರನ್ನು ತೋರಿಸಿ, ಅದರಿಂದ ಪ್ರಾಣಿಗೆ ಆಗುವ ಪ್ರಯೋಜನವನ್ನು ಹೇಳಿ ಮುಗಿಸುತ್ತಿದ್ದರು. ಡಾರ್ಸಿ ಡಾರ್ವಿನ್ನನನ್ನು ಅಲ್ಲಗಳೆಯಲಿಲ್ಲ. ಆ ಉತ್ತರ ಸಾಲದೆಂದು ಮಾತ್ರ ಹೇಳಿದನು. ಬೆಳೆಯುತ್ತಿರುವ ದೇಹದ ಮೇಲೆ ಯಾವ ಬಲಗಳು ಕೆಲಸ ಮಾಡಿ ಅದನ್ನು ಆ ಆಕಾರಕ್ಕೆ ತಂದವೆಂಬುದನ್ನೂ ವಿಚಾರಿಸಬೇಕೆಂಬುದು ಅವನ ಹಟ. ಗಣಿತವನ್ನು ದೂರವಿಟ್ಟಿದ್ದ ಪ್ರಾಣಿಶಾಸ್ತ್ರಜ್ಞರಿಗೆ ಇದು ರುಚಿಸಲಿಲ್ಲ. ತನ್ನ ಮಾತನ್ನು ಕೇಳುವವರು ತನ್ನ ಶಾಖೆಯಲ್ಲಿಯೇ ಕಡಮೆಯೆಂಬುದು ಅವನಿಗೆ ತಿಳಿಯದಿರಲಿಲ್ಲ.

ಕೊನೆಗೆ ೧೯೧೭ರಲ್ಲಿ, ಮಹಾಯುದ್ಧದ ನಡುವೆ, ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅವನ ಗ್ರಂಥವನ್ನು ಪ್ರಕಟಿಸಿತು. ಬೆಳವಣಿಗೆ ಮತ್ತು ಆಕಾರಗಳನ್ನು ಕುರಿತ ಆ ಗ್ರಂಥದಲ್ಲಿ ೭೯೩ ಪುಟಗಳು. ಅಚ್ಚು ಹಾಕಿದ ಪ್ರತಿಗಳು ೫೦೦. ಲೇಖಕನಿಗೆ ಆಗ ಐವತ್ತೇಳು ವರ್ಷ. ಜೇನುಗೂಡಿನ ಕೋಣೆಗಳು, ಸೋಪಿನ ಗುಳ್ಳೆಗಳು, ಶಂಖದ ಸುರುಳಿ, ಟಗರಿನ ಕೊಂಬು, ಎಲುಬಿನ ಜಾಲ ಎಲ್ಲವೂ ಅದರಲ್ಲಿ ಒಂದೇ ವಿಚಾರದ ದಾರದಲ್ಲಿ ಪೋಣಿಸಿಕೊಂಡಿವೆ. ಕೊನೆಯ ಅಧ್ಯಾಯದಲ್ಲಿ ಅವನು ಒಂದು ಮೀನಿನ ಚಿತ್ರದ ಮೇಲೆ ಚೌಕುಳಿಗಳನ್ನು ಎಳೆದು, ಆ ಚೌಕುಳಿಗಳನ್ನು ನಿಯಮಬದ್ಧವಾಗಿ ಬಾಗಿಸಿದಾಗ ಇನ್ನೊಂದು ಜಾತಿಯ ಮೀನಿನ ಆಕಾರ ಮೂಡುವುದನ್ನು ತೋರಿಸಿದನು. ಅಂಗಗಳು ಬಿಡಿಬಿಡಿಯಾಗಿ ಬದಲಾಗುವುದಿಲ್ಲ, ಇಡೀ ಮೈ ಒಂದಾಗಿ ಬದಲಾಗುತ್ತದೆಂಬ ತತ್ತ್ವವನ್ನು ಅದು ಕಣ್ಣಿಗೆ ಕಟ್ಟುವಂತೆ ಮಾಡಿತು. ತನ್ನ ಗಣಿತಜ್ಞಾನ ಮಿತವಾದುದೆಂದು ಅವನೇ ಒಪ್ಪಿಕೊಂಡು, ಈ ಪುಸ್ತಕವನ್ನು ಮುಂದೆ ಬರುವವರ ಕೆಲಸಕ್ಕೆ ಒಂದು ಪೀಠಿಕೆಯೆಂದು ಭಾವಿಸಿದ್ದನು.

ಗ್ರಂಥದ ಕೊರತೆಗಳನ್ನೂ ಹೇಳಬೇಕು. ಅವನ ಕಣ್ಣೆದುರಿಗೇ ಬೆಳೆದ ಆನುವಂಶಿಕತೆಯ ಶಾಸ್ತ್ರಕ್ಕೆ ಅವನು ಗಮನ ಕೊಡಲೇ ಇಲ್ಲ. ಆಕಾರವನ್ನು ರೂಪಿಸುವ ಬಲಗಳನ್ನು ಹೇಳಿದನು. ಆ ಬಲಗಳಿಗೆ ಒಳಗಾಗುವ ಜೀವಕೋಶಗಳಲ್ಲಿ ಅಡಗಿರುವ ರಾಸಾಯನಿಕ ವ್ಯಾಪಾರದ ಕಡೆಗೆ ಕಡಮೆ ನೋಡಿದನು. ಪ್ರಯೋಗಗಳನ್ನು ಮಾಡಿದವನಲ್ಲ, ಬೇರೆಯವರು ಅಳೆದುದನ್ನು ಕೂಡಿಸಿ ಅರ್ಥ ಹೇಳಿದವನು. ಎಲುಬಿನ ಎಳೆಗಳಿಗೂ ಕ್ರೇನಿನ ಗೆರೆಗಳಿಗೂ ಇರುವ ಹೋಲಿಕೆ ಆ ಕಾಲದವರು ತಿಳಿದಷ್ಟು ನಿಖರವಾದುದಲ್ಲವೆಂದು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಮೈಯ ಭಾರದ ಜೊತೆಗೆ ಸ್ನಾಯುಗಳ ಎಳೆತವೂ ಎಲುಬಿನ ಮೇಲೆ ಕೆಲಸ ಮಾಡುತ್ತದೆಂಬುದನ್ನು ಲೆಕ್ಕಕ್ಕೆ ತಂದಿದ್ದಾರೆ. ಆದರೂ ಅವರು ಪ್ರಶ್ನಿಸಿದ್ದು ಡಾರ್ಸಿ ಕಲಿಸಿದ ರೀತಿಯಲ್ಲಿಯೇ, ಬಲಗಳನ್ನು ಅಳೆದು, ಎಂಜಿನಿಯರನ ಲೆಕ್ಕವನ್ನು ಮುಂದಿಟ್ಟುಕೊಂಡೇ.

ಅದೇ ೧೯೧೭ರಲ್ಲಿ ಅವನು ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾನಿಲಯದ ಪೀಠಕ್ಕೆ ಬಂದನು. ಅಲ್ಲಿಂದ ಸಾಯುವವರೆಗೂ ಅಲ್ಲಿಯೇ ಪ್ರಾಧ್ಯಾಪಕ. ಒಟ್ಟು ೬೪ ವರ್ಷಗಳ ಕಾಲ ಪ್ರಾಧ್ಯಾಪಕ ಪದವಿಯಲ್ಲಿದ್ದವರು ವಿದ್ಯಾಲೋಕದಲ್ಲಿ ಅತಿ ವಿರಳ. ಎತ್ತರದ ಆಳು, ದೊಡ್ಡ ಬಿಳಿಯ ಗಡ್ಡ, ಹೆಗಲ ಮೇಲೆ ಒಂದು ಗಿಣಿ: ಹೀಗೆ ಅವನು ಊರ ಬೀದಿಗಳಲ್ಲಿ ನಡೆದುಹೋಗುತ್ತಿದ್ದುದನ್ನು ಅಲ್ಲಿನ ಜನ ಬಹುಕಾಲ ನೆನೆಯುತ್ತಿದ್ದರು.

ಭಾಷೆಯನ್ನು ಕಲಿಸುವವರಿಗೆ ಡಾರ್ಸಿಯ ಇನ್ನೊಂದು ಮುಖವೂ ಪ್ರಿಯವಾಗುವಂಥದು. ಗ್ರೀಕ್ ಸಾಹಿತ್ಯದಲ್ಲಿ ಬರುವ ಹಕ್ಕಿಗಳ ಹೆಸರುಗಳನ್ನೆಲ್ಲ ಕಲೆಹಾಕಿ, ಯಾವ ಹೆಸರು ಯಾವ ಹಕ್ಕಿಯದೆಂದು ವಿವೇಚಿಸಿ, ಅವನು ೧೮೯೫ರಲ್ಲಿ ಒಂದು ನಿಘಂಟನ್ನು ಪ್ರಕಟಿಸಿದನು. ೧೯೧೦ರಲ್ಲಿ ಅರಿಸ್ಟಾಟಲನ ಪ್ರಾಣಿಚರಿತ್ರೆಯ ಇಂಗ್ಲಿಷ್ ಅನುವಾದ ಹೊರಬಂದಿತು. ಗ್ರೀಕ್ ಮೀನುಗಳ ನಿಘಂಟು ಪ್ರಕಟವಾದದ್ದು ೧೯೪೭ರಲ್ಲಿ, ಅವನ ಎಂಬತ್ತೇಳನೆಯ ವಯಸ್ಸಿನಲ್ಲಿ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಬರುವ ಎಷ್ಟೋ ಹಕ್ಕಿ ಮರಗಳ ಹೆಸರುಗಳಿಗೆ ನಿಘಂಟುಗಳು ಒಂದು ಪಕ್ಷಿವಿಶೇಷ, ಒಂದು ವೃಕ್ಷವಿಶೇಷ ಎಂದು ಹೇಳಿ ಸುಮ್ಮನಾಗುವುದನ್ನು ಕಂಡವರಿಗೆ ಈ ಕೆಲಸದ ಬೆಲೆ ತಿಳಿಯುತ್ತದೆ. ಭಾಷೆಯನ್ನು ಬಲ್ಲವನು ಹಕ್ಕಿಯನ್ನು ನೋಡಿರುವುದಿಲ್ಲ. ಹಕ್ಕಿಯನ್ನು ನೋಡಿದವನು ಭಾಷೆಯನ್ನು ಓದಿರುವುದಿಲ್ಲ. ಮೇಯರ್ ಮತ್ತು ಕುಲ್ಮನ್ ಇಬ್ಬರಾಗಿ ಮಾಡಿದ ಕೆಲಸವನ್ನು ಇಲ್ಲಿ ಡಾರ್ಸಿ ಒಬ್ಬನೇ ಮಾಡಿದನು.

ಮನ್ನಣೆ ತಡವಾಗಿಯಾದರೂ ಬಂದಿತು. ೧೯೩೭ರಲ್ಲಿ ಸರ್ ಪದವಿ ದೊರೆಯಿತು. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ತನ್ನ ಗ್ರಂಥವನ್ನು ತಿದ್ದಿ ಹಿಗ್ಗಿಸಿ ೧,೧೧೬ ಪುಟಗಳ ಎರಡನೆಯ ಆವೃತ್ತಿಯನ್ನು ಹೊರತಂದನು. ೧೯೪೬ರಲ್ಲಿ ರಾಯಲ್ ಸೊಸೈಟಿ ಅವನಿಗೆ ಡಾರ್ವಿನ್ ಪದಕವನ್ನು ಕೊಟ್ಟಿತು. ಡಾರ್ವಿನ್ನನ ಹೆಸರಿನ ಪದಕ ಇಂಥವನಿಗೆ ಸಂದದ್ದು ಆ ಸಂಸ್ಥೆಯ ದೊಡ್ಡತನವೇ ಸರಿ. ಎಂಬತ್ತಾರರ ವೃದ್ಧ ನಮ್ಮ ದೇಶಕ್ಕೂ ಬಂದನು. ೧೯೪೭ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮೊದಲು, ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ದೆಹಲಿಯಲ್ಲಿ ಸೇರಿದ ಭಾರತ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನದಲ್ಲಿ ಅವನು ಭಾಗವಹಿಸಿದನು. ಊರಿಗೆ ಮರಳಿದ ಮೇಲೆ ಆರೋಗ್ಯ ಕೆಟ್ಟಿತು. ೧೯೪೮ರ ಜೂನ್ ೨೧ರಂದು ಸೇಂಟ್ ಆಂಡ್ರ್ಯೂಸಿನಲ್ಲಿ ಅವನು ಕೊನೆಯುಸಿರೆಳೆದನು.

ಅವನು ಪೀಠಿಕೆಯೆಂದು ಬಗೆದ ಪುಸ್ತಕಕ್ಕೆ ಮುಂದಿನ ಅಧ್ಯಾಯಗಳು ಅವನು ಹೋದ ಮೇಲೆ ಬಂದವು. ಬಹುಮಟ್ಟಿಗೆ ಹೊರಗಿನವರಿಂದ ಬಂದವು. ೧೯೫೧ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಹ್ಯಾಮಿಲ್ಟನ್ ಎಂಬ ಕಲಾವಿದನು ಆ ಗ್ರಂಥದ ಹೆಸರಿನಲ್ಲಿಯೇ ಒಂದು ಪ್ರದರ್ಶನವನ್ನು ಏರ್ಪಡಿಸಿದಾಗ, ಅದನ್ನು ಉದ್ಘಾಟಿಸಿದವನು ವಾಸ್ತುಶಿಲ್ಪಿ ಲ ಕಾರ್ಬುಸಿಯೆ. ಮರುವರ್ಷ ಗಣಿತಜ್ಞ ಆಲನ್ ಟ್ಯೂರಿಂಗ್, ಪ್ರಾಣಿಗಳ ಮೈಯಲ್ಲಿ ಆಕಾರಗಳು ಮೂಡುವ ರಾಸಾಯನಿಕ ಕ್ರಮವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಡಾರ್ಸಿಯ ಗ್ರಂಥವನ್ನು ಉಲ್ಲೇಖಿಸಿದನು. ಡಾರ್ಸಿ ಬಿಟ್ಟ ಕೊರತೆಗಳಲ್ಲಿ ಒಂದನ್ನು ತುಂಬುವ ದಾರಿ ಹೀಗೆ ತೆರೆಯಿತು. ಜೀವಿಗಳಿಂದ ಕಲಿತು ಯಂತ್ರಗಳನ್ನು ರೂಪಿಸುವ ವಿದ್ಯೆಗೆ ಬಯೊಮಿಮೆಟಿಕ್ಸ್ ಎಂಬ ಹೆಸರನ್ನು ಅಮೆರಿಕದ ಆಟೋ ಷ್ಮಿಟ್ ಕೊಟ್ಟದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಮಾತು. ಇಂದು ವಿಮಾನದ ಅಥವಾ ಮೋಟಾರಿನ ಒಂದು ಭಾಗವನ್ನು ರೂಪಿಸುವ ಎಂಜಿನಿಯರು ಗಣಕಯಂತ್ರದಲ್ಲಿ ಒಂದು ಗಟ್ಟಿ ದಿಮ್ಮಿಯಿಂದ ಪ್ರಾರಂಭಿಸಿ, ಭಾರ ಹರಿಯದ ಕಡೆ ಲೋಹವನ್ನು ತೆಗೆದು, ಭಾರ ಹರಿಯುವ ಕಡೆ ಉಳಿಸಿಕೊಂಡು ಹೋಗುತ್ತಾನೆ. ಕೊನೆಯಲ್ಲಿ ಉಳಿಯುವ ಆಕಾರ ಅನೇಕ ವೇಳೆ ಎಲುಬಿನಂತೆಯೇ ಇರುತ್ತದೆ.

ಆದರೆ ಎಲುಬಿಗೂ ಲೋಹಕ್ಕೂ ಇರುವ ಭೇದವನ್ನು ಮರೆಯಬಾರದು. ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿ ವಿವರಿಸಿದಂತೆ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಟೆನ್ನಿಸ್ ಆಟಗಾರನ ಆಡುವ ತೋಳಿನ ಎಲುಬು ಇನ್ನೊಂದಕ್ಕಿಂತ ದಪ್ಪವಾಗುತ್ತದೆ. ಬಹುಕಾಲ ಹಾಸಿಗೆ ಹಿಡಿದವನ ಎಲುಬು ಸವೆಯುತ್ತದೆ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರ ಎಲುಬುಗಳೂ ಸವೆದಿರುತ್ತವೆ. ಟೇ ನದಿಯ ಸೇತುವೆಗೆ ಈ ಶಕ್ತಿ ಇರಲಿಲ್ಲ. ಗಾಳಿ ಹೆಚ್ಚಿದಾಗ ಅದು ದಪ್ಪವಾಗಲಿಲ್ಲ. ಕಟ್ಟಿದವನ ಲೆಕ್ಕದಲ್ಲಿದ್ದ ತಪ್ಪು ಹಾಗೆಯೇ ಉಳಿದು, ಒಂದು ರಾತ್ರಿ ಜನರ ಪ್ರಾಣವನ್ನು ತೆಗೆದುಕೊಂಡಿತು. ತನ್ನ ಬಿರುಕನ್ನು ತಾನೇ ಅರಿತು ತುಂಬಿಕೊಳ್ಳುವ ಕಾಂಕ್ರೀಟನ್ನು ಮಾಡಲು ಇಂದಿನ ವಿಜ್ಞಾನಿಗಳು ಸೂಕ್ಷ್ಮಜೀವಿಗಳ ನೆರವನ್ನು ಪಡೆಯುತ್ತಿದ್ದಾರೆ. ಅಲ್ಲಿ ಮತ್ತೆ ಎಂಜಿನಿಯರು ಜೀವಶಾಸ್ತ್ರಜ್ಞನ ಬಾಗಿಲನ್ನು ತಟ್ಟಬೇಕಾಗಿದೆ.

ಡಾರ್ಸಿ ಯಾವ ಯಂತ್ರವನ್ನೂ ನಿರ್ಮಿಸಲಿಲ್ಲ, ಯಾವ ಸೇತುವೆಯನ್ನೂ ಕಟ್ಟಲಿಲ್ಲ. ಸಣ್ಣ ಊರಿನ ಹೊಸ ಕಾಲೇಜಿನಲ್ಲಿ, ತನ್ನ ಶಾಖೆಯವರ ಉದಾಸೀನವನ್ನು ಸಹಿಸಿಕೊಂಡು, ಎಂಜಿನಿಯರನ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಎಲುಬುಗಳನ್ನು ನೋಡುತ್ತ ಕುಳಿತನು. ನಮ್ಮ ಕಾಲೇಜುಗಳಲ್ಲಿಯೂ ಪ್ರಾಣಿಶಾಸ್ತ್ರದ ಕೊಠಡಿಯಿಂದ ಎಂಜಿನಿಯರಿಂಗ್ ಕೊಠಡಿಗೆ, ಭಾಷೆಯ ಕೊಠಡಿಯಿಂದ ಅವೆರಡಕ್ಕೂ ಇರುವ ದೂರ ಕೆಲವೇ ಹೆಜ್ಜೆಗಳದು. ಒಬ್ಬ ವಿದ್ಯಾರ್ಥಿ ಆ ಹೆಜ್ಜೆಗಳನ್ನು ನಡೆದು, ತನಗೆ ಅರ್ಥವಾಗದ ಒಂದು ವಸ್ತುವನ್ನು ಅಲ್ಲಿದ್ದವರ ಮುಂದಿಟ್ಟು ಇದೇನೆಂದು ಕೇಳುವುದಾದರೆ, ಡಾರ್ಸಿಯ ಅರವತ್ತನಾಲ್ಕು ವರ್ಷಗಳ ಪಾಠ ನಮ್ಮವರೆಗೂ ಬಂದು ಮುಟ್ಟಿತೆಂದು ತಿಳಿಯಬಹುದು.